ದೋಣಿವಿಹಾರ, ವರ್ಷದ ಎಲ್ಲ ದಿನ

ಬಸ್ ನಿಲ್ದಾಣದಿಂದ ಹೊರಗೆ ಬಂದ ಕೂಡಲೇ ಕಣ್ಣಿಗೆ ಹೊಡೆಯುವಂತೆ ಆ ಕಲ್ಲಿನ ಫಲಕವನ್ನು ನಿಲ್ಲಿಸಿದ್ದರು. ಈ ಬೆಟ್ಟದ ಊರಿಗೆ ಬಂದವರು ಏನೇನು ಮಾಡಬಹುದು ಎಂಬುದನ್ನು ಅದರ ಮೇಲೆ ಕೆತ್ತಲಾಗಿತ್ತು. ಶಿಖರ ನೋಡಬಹುದು. ರೋಪ್‌ವೇಯಲ್ಲಿ ಕೂತು ಕಣಿವೆ ದಾಟಬಹುದು. ವಸ್ತುಸಂಗ್ರಹಾಲಯಕ್ಕೆ ಹೋಗಿ ಹುಲ್ಲು ತುಂಬಿದ ಕರಡಿಯನ್ನು ಭೇಟಿಯಾಗಬಹುದು. ಕೆರೆಯಲ್ಲಿ ದೋಣಿವಿಹಾರ ಮಾಡಬಹುದು. ಎಲ್ಲದರ ತಲೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ: ವರ್ಷದ ಎಲ್ಲ ದಿನ.

ಫಲಕ ಮಾಡಿಸಿದ್ದು ಪ್ರವಾಸಿ ಕಚೇರಿಗೆ ಹೊಸದಾಗಿ ಬಂದಿದ್ದ ಮೇಡಂ. ಅವರು ಕೆಳಗಿನ ಊರಿನವರು. ಬಂದಾಗ ಬಿಸಿಲು ಚೆನ್ನಾಗಿತ್ತು, ಶಿಖರ ಕಾಣುತ್ತಿತ್ತು, ಕೆರೆ ತುಂಬಿತ್ತು. ಮಂಜಿನ ಕಾಲದಲ್ಲಿ ಕೆರೆಯನ್ನು ಪೂರ್ತಿ ಖಾಲಿ ಮಾಡುತ್ತಾರೆ ಎಂದು ಅವರಿಗೆ ಯಾರೂ ಹೇಳಲಿಲ್ಲ. ಬಚ್ಚಿಟ್ಟಿದ್ದೇನೂ ಅಲ್ಲ. ಅದು ಹೇಳಬೇಕಾದ ವಿಷಯ ಎಂದೇ ಊರಿನವರಿಗೆ ಅನ್ನಿಸಿರಲಿಲ್ಲ. ಮನೆಗೆ ಬಂದ ನೆಂಟರಿಗೆ ಸಂಜೆಯ ಮೇಲೆ ಕತ್ತಲಾಗುತ್ತದೆ ನೋಡಿ ಎಂದು ಯಾರೂ ಹೇಳುವುದಿಲ್ಲವಲ್ಲ, ಹಾಗೆ. ರಾಜಧಾನಿಯಿಂದ ಡೈರೆಕ್ಟರ್ ಸಾಹೇಬರು ಬಂದು ಪರದೆ ಎಳೆದು ಫಲಕವನ್ನು ಉದ್ಘಾಟಿಸಿದರು. ಊರಿನವರು ಚಪ್ಪಾಳೆ ತಟ್ಟಿದರು. ದೋಣಿಯವನೂ ತಟ್ಟಿದ.

ಕೆರೆಯ ವಿಷಯ ದೋಣಿಯವನಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ತೂಬು ನೋಡಿಕೊಳ್ಳುತ್ತಿದ್ದವರೇ ಅವನ ಹೆಂಡತಿಯ ಅಪ್ಪ. ಪ್ರತಿ ವರ್ಷ ಮಂಜು ಇಳಿಯಲು ಶುರುವಾದೊಡನೆ ಮಾವ ತೂಬಿನ ಚಕ್ರ ತಿರುಗಿಸಿ ನೀರನ್ನೆಲ್ಲ ಕಣಿವೆಗೆ ಬಿಡುತ್ತಿದ್ದರು. ಹೂಳು ತೆಗೆಸಬೇಕು, ಗೋಡೆಯ ಬಿರುಕು ನೋಡಬೇಕು, ಗೇಟು ಉಜ್ಜಿ ಗ್ರೀಸು ಹಚ್ಚಬೇಕು. ನೀರು ಹೋದರೆ ಅಳಿಯನ ಕೆಲಸವೂ ಹೋಯಿತು. ಅವನು ಬ್ಯಾಗು ಹೆಗಲಿಗೇರಿಸಿ ಬೆಟ್ಟ ಇಳಿದು ಬಾಟಲಿ ಕಾರ್ಖಾನೆ ಸೇರುತ್ತಿದ್ದ. ಬೆಲ್ಟಿನ ಮೇಲೆ ಸಾಲಾಗಿ ಬರುವ ಬಾಟಲಿಗಳಲ್ಲಿ ನೀರು ಒಂದೇ ಮಟ್ಟಕ್ಕೆ ತುಂಬಿದೆಯೇ ಎಂದು ನೋಡುವುದು ಅಲ್ಲಿ ಅವನ ಕೆಲಸ. ಮತ್ತೆ ಮಳೆ ಬಂದು ಕೆರೆ ತುಂಬಿದ ಮೇಲೆ ವಾಪಸ್. ಮಾವ ನೀರು ಬಿಡೋದು, ಅಳಿಯ ಊರು ಬಿಡೋದು ಎಂದು ಬೋಟ್ ಹೌಸ್ ಪಕ್ಕದ ಚಹಾ ಅಂಗಡಿಯವನು ಆಡಿಕೊಳ್ಳುತ್ತಿದ್ದ.

ಫಲಕ ನಿಲ್ಲಿಸಿದ ವರ್ಷ ಅವನು ಹಾಗೆ ವಾಪಸ್ ಬಂದು ಮನೆಯ ಬಾಗಿಲು ತಟ್ಟಿದಾಗ ಮಗಳು ಬಂದು ತೆರೆದಳು. ಅವನು ಹೋಗುವಾಗ ಅವಳಿಗೆ ಮಾತು ಬರುತ್ತಿರಲಿಲ್ಲ. ಈಗ ಬಂದಿತ್ತು. ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, "ಬನ್ನಿ, ಕೂತ್ಕೊಳ್ಳಿ," ಅಂದಳು. ಅವನ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲಿ ಮಷೀನು ಇಟ್ಟುಕೊಂಡು ಬಟ್ಟೆ ಹೊಲಿಯುತ್ತಿದ್ದಳು; ಬಾಗಿಲಿಗೆ ಬಂದವರಿಗೆಲ್ಲ ಹಾಗೇ ಹೇಳುವುದು ಆ ಮನೆಯ ರೂಢಿ.

"ಯಾರೇ ಅದು, ಪುಟ್ಟಿ?" ಹೆಂಡತಿ ಒಳಗಿನಿಂದ ಕೂಗಿದಳು.

"ಪ್ಯಾಂಟು," ಅಂದಳು ಮಗಳು. ಅವಳ ಲೆಕ್ಕದಲ್ಲಿ ಹೊರಗಿನ ಜನರಲ್ಲಿ ಎರಡೇ ಜಾತಿ, ಶರ್ಟು ಮತ್ತು ಪ್ಯಾಂಟು. ಆಮೇಲೆ ಒಳಗೆ ಓಡಿ ಅಳತೆಯ ಟೇಪು ತಂದು ಅವನ ಮೊಣಕಾಲಿಗೆ ಹಿಡಿದಳು. ಅವನು ಸುಮ್ಮನೆ ನಿಂತು ಅಳತೆ ಕೊಟ್ಟ. "ತಿರುಗಿ," ಅಂದಳು; ತಿರುಗಿದ. ಹೆಂಡತಿ ಹೊರಗೆ ಬಂದವಳು ನಗಬೇಕೋ ಅಳಬೇಕೋ ತಿಳಿಯದೆ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಹಾಗೇ ಕಚ್ಚಿಕೊಂಡು ನಿಂತಳು. ಮಗಳಿಗೆ ಅಪ್ಪನ ಗುರುತು ಹತ್ತಲು ಬಹಳ ದಿನ ಹಿಡಿಯಿತು. ಗುರುತು ಗಟ್ಟಿಯಾಗುವ ಹೊತ್ತಿಗೆ ಮತ್ತೆ ಮಂಜಿನ ಕಾಲ ಹತ್ತಿರ ಬಂದಿತ್ತು.

ಈ ಸಲ ಅವನು ಮೊದಲೇ ತೂಬಿನ ಕೋಣೆಗೆ ಹೋಗಿ ಮಾವನ ಎದುರು ಕೂತ. ಮಾವ ಹಳೆಯ ಬನಿಯನ್ ತುಂಡಿನಿಂದ ಚಕ್ರದ ಹಲ್ಲುಗಳನ್ನು ಒರೆಸುತ್ತಿದ್ದರು.

"ಮಾವ, ಈ ಒಂದು ವರ್ಷ ನೀರು ಬಿಡದೇ ಇದ್ರೆ ಆಗಲ್ವಾ?"

"ಆಗುತ್ತಲ್ಲ."

"ಆಗುತ್ತಾ?"

"ಗೇಟು ತುಕ್ಕು ಹಿಡಿದು ಕೂತ್ಕೊಳ್ಳುತ್ತೆ. ಗೋಡೆ ಬಾಯಿ ಬಿಡುತ್ತೆ. ಆಮೇಲೆ ಒಂದಿನ ಕೆರೆ ತಾನೇ ಎದ್ದು ಪೇಟೆ ನೋಡ್ಕೊಂಡು ಬರೋಕೆ ಹೋಗುತ್ತೆ. ಆಗಲ್ಲ ಅಂತ ಯಾರು ಹೇಳಿದ್ದು?"

"ನಾನು ಕೆಳಗೆ ಹೋದ್ರೆ ಮಗು ಮತ್ತೆ ಮರೆತುಬಿಡುತ್ತೆ."

"ನನ್ನ ಮಗಳು ನಿಮ್ಮನ್ನ ಕಟ್ಕೊಂಡ್ಮೇಲೆ ನನ್ನನ್ನ ಮರೆತೇಬಿಟ್ಲು. ನಾನು ಯಾರ ಹತ್ರ ಹೋಗಿ ಕೂತ್ಕೊಳ್ಲಿ, ಅಳಿಯಂದ್ರೇ?" ಮಾವ ಬಟ್ಟೆ ಕೊಡವಿದರು. "ಆ ಗ್ರೀಸಿನ ಡಬ್ಬಿ ಈಕಡೆ ಕೊಡಿ."

ಅವನು ಡಬ್ಬಿ ಕೊಟ್ಟು ಹೊರಗೆ ಬಂದ. ಬಸ್ ನಿಲ್ದಾಣದ ಕಡೆಯಿಂದ ಹೋಗುವಾಗ ಫಲಕ ಕಣ್ಣಿಗೆ ಬಿತ್ತು. ಅಷ್ಟು ದಿನ ದಿನವೂ ನೋಡಿದ್ದ. ಅವತ್ತು ಮೊದಲ ಸಲ ಓದಿದ. ಆಮೇಲೆ ನೇರವಾಗಿ ಪ್ರವಾಸಿ ಕಚೇರಿಯ ಮೆಟ್ಟಿಲು ಹತ್ತಿದ.

"ಮೇಡಂ, ದೋಣಿವಿಹಾರ ವರ್ಷದ ಎಲ್ಲ ದಿನವಾ?"

"ಕಲ್ಲಿನ ಮೇಲೆ ಕೆತ್ತಿಸಿದ್ದೀನಲ್ಲ. ಅಳಿಸಿಹೋಯ್ತಾ?"

"ಇಲ್ಲ ಮೇಡಂ, ಚೆನ್ನಾಗಿದೆ. ಹಾಗಾದ್ರೆ ನಾನು ವರ್ಷವೆಲ್ಲ ಕೆಲಸಕ್ಕೆ ಬರಬೇಕು."

"ಬರಲೇಬೇಕು. ಯಾಕೆ, ನಿಮಗೇನಾದ್ರೂ ತೊಂದರೆನಾ?"

ಅವನು ಒಂದು ಕ್ಷಣ ಪ್ರಾಮಾಣಿಕವಾಗಿ ಯೋಚಿಸಿದ. "ನನಗೇನೂ ಇಲ್ಲ ಮೇಡಂ," ಅಂದ.

ಕಾರ್ಖಾನೆಯ ಮೇಸ್ತ್ರಿಗೆ ಫೋನು ಮಾಡಿ ಈ ಸಲ ಬರುವುದಿಲ್ಲ ಎಂದು ಹೇಳಿದ.

"ಬರದೆ ಅಲ್ಲೇನು ಮಾಡ್ತೀಯ? ಮಂಜು ನೆಕ್ಕಿಕೊಂಡು ಕೂತಿರ್ತೀಯ?"

"ದೋಣಿ ನಡೆಸ್ತೀನಿ."

"ನಿನ್ನ ಜಾಗಕ್ಕೆ ಬೇರೆಯವನನ್ನ ಹಾಕ್ಕೊಂಡುಬಿಡ್ತೀನಿ. ಆಮೇಲೆ ಬಂದು ಕಾಲು ಹಿಡೀಬೇಡ."

ಮೇಸ್ತ್ರಿ ಹೇಳಿದಂತೆ ಮಾಡುವವನೇ. ಇನ್ನು ದೋಣಿ ನಿಂತರೆ ಉಳಿಯುವುದು ದೂರದ ಬಂದರಿನ ಕೂಲಿ ಕೆಲಸ, ಅಲ್ಲಿಗೆ ಹೋದವರು ಊರಿಗೆ ಬರುವುದು ವರ್ಷಕ್ಕೊಮ್ಮೆ. ಹೆಂಡತಿಗೆ ಇದನ್ನೆಲ್ಲ ಹೇಳಿದಾಗ ಅವಳು ಮಷೀನು ನಿಲ್ಲಿಸಲಿಲ್ಲ.

"ನೀರಿಲ್ಲದೆ ದೋಣಿ ಹೇಗ್ರೀ ನಡೆಸ್ತೀರ?"

"ಫಲಕದಲ್ಲಿ ದೋಣಿವಿಹಾರ ಅಂತಿದೆ. ನೀರಿನ ವಿಷಯ ಏನೂ ಹಾಕಿಲ್ಲ."

ಅವಳು ಹೊಲಿಗೆ ಮುಗಿಸಿ ದಾರ ಕಚ್ಚಿ ತುಂಡು ಮಾಡಿದಳು. "ಬೆಳಿಗ್ಗೆ ಪುಟ್ಟೀನೂ ಕರ್ಕೊಂಡು ಹೋಗಿ. ನನಗೆ ಯೂನಿಫಾರ್ಮಿನ ರಾಶಿ ಬಿದ್ದಿದೆ."

ಮಂಜು ಇಳಿಯಿತು. ಮಾವ ಚಕ್ರ ತಿರುಗಿಸಿದರು. ನೀರು ಇಳಿಯುತ್ತ ಹೋದಂತೆ ದೋಣಿಯೂ ಅದರ ಜೊತೆಗೇ ಇಳಿಯುತ್ತ ಹೋಗಿ, ಕೊನೆಗೆ ಕಟ್ಟೆಯ ಕೆಳಗಿನ ಕೆಸರಿನ ಮೇಲೆ ಒಂದು ಪಕ್ಕಕ್ಕೆ ವಾಲಿ ಕೂತಿತು. ಮಿಕ್ಕ ದೋಣಿಗಳನ್ನು ದಡಕ್ಕೆಳೆದು ಕವುಚಿ ಹಾಕಿದರು. ಅವನು ತನ್ನದರ ಅಡಿಗೆ ಇಟ್ಟಿಗೆ ಕೊಟ್ಟು ಸಮ ಮಾಡಿದ. ಕೆಸರು ಒಣಗಿ ಬಿರುಕು ಬಿಟ್ಟ ಮೇಲೆ ಬೋಟ್ ಹೌಸ್ ಬಾಗಿಲು ತೆರೆದು, ಲೈಫ್ ಜಾಕೆಟ್‌ಗಳನ್ನು ಗೂಟಕ್ಕೆ ಸಾಲಾಗಿ ನೇತುಹಾಕಿ, ಮಗಳನ್ನು ದೋಣಿಯ ಮೂತಿಯಲ್ಲಿ ಕೂರಿಸಿ, ಪ್ರವಾಸಿಗಳಿಗಾಗಿ ಕಾದ.

ಮಂಜಿನ ಕಾಲದಲ್ಲೂ ಪ್ರವಾಸಿಗಳು ಬರುತ್ತಿದ್ದರು. ಖಾಲಿ ಹೋಟೆಲು ಇಷ್ಟಪಡುವವರು, ರಜೆ ಸಿಕ್ಕಾಗಲೇ ಬರಬೇಕಾದವರು, ತಪ್ಪು ಬಸ್ಸು ಹತ್ತಿದವರು. ಅವರೆಲ್ಲ ಮೊದಲು ಶಿಖರ ನೋಡಲು ಹೋಗುತ್ತಿದ್ದರು. ಅಲ್ಲಿ ವ್ಯೂ ಪಾಯಿಂಟಿನ ಕಾವಲುಗಾರ ಬಿಳಿ ಮಂಜಿನ ಕಡೆ ಬೆರಳು ತೋರಿಸಿ "ಅಲ್ಲಿದೆ" ಅನ್ನುತ್ತಿದ್ದ. ರೋಪ್‌ವೇ ಗಾಳಿಯ ಕಾರಣ ನಿಂತಿರುತ್ತಿತ್ತು. ಕರಡಿಯನ್ನು ನೋಡಿ ಮುಗಿಸಲು ಹೆಚ್ಚು ಹೊತ್ತು ಬೇಕಿರಲಿಲ್ಲ. ಹಾಗಾಗಿ ಎಲ್ಲರೂ ಕೊನೆಗೆ ಕೆರೆಗೆ ಬರುತ್ತಿದ್ದರು.

ಮೊದಲು ಬಂದದ್ದು ಒಬ್ಬ ನಿವೃತ್ತ ಮೇಷ್ಟ್ರು. ಕಟ್ಟೆಯ ಮೇಲೆ ನಿಂತು ಕೆಳಗೆ ನೋಡಿದರು. ದೋಣಿ ಇತ್ತು, ದೋಣಿಯವನಿದ್ದ, ಹುಟ್ಟುಗಳಿದ್ದವು.

"ನೀರು ಕಾಣ್ತಾ ಇಲ್ಲ," ಅಂದರು.

"ಮಂಜು ಸರ್," ಅಂದ ದೋಣಿಯವನು. ಅದನ್ನು ಉತ್ತರ ಎಂದರೂ ಸರಿ, ಅಲ್ಲ ಎಂದರೂ ಸರಿ. "ಜಾಕೆಟ್ ಹಾಕ್ಕೊಳ್ಳಿ. ಜಾಕೆಟ್ ಇಲ್ಲದೆ ಬಿಡಲ್ಲ."

ಮೇಷ್ಟ್ರು ಜಾಕೆಟ್ ಹಾಕಿಕೊಂಡು ಹತ್ತಿ ಕೂತರು. ದೋಣಿಯವನು ಹುಟ್ಟು ಹಾಕಿದ. ಹುಟ್ಟು ಗಾಳಿಯಲ್ಲಿ ಹೋಗಿ ಗಾಳಿಯಲ್ಲಿ ಬಂತು. ಸ್ವಲ್ಪ ಹೊತ್ತಾದ ಮೇಲೆ ಮೇಷ್ಟ್ರು ಒಂದೇ ಕಡೆ ನೋಡಿ ನೋಡಿ ಕುತ್ತಿಗೆ ಉಜ್ಜಿಕೊಂಡರು. ಆಗ ದೋಣಿಯವನಿಗೆ ದಾರಿ ಹೊಳೆಯಿತು. "ಅರ್ಧ ಕೆರೆ ಬಂತು ಸರ್. ಈಗ ಆ ಕಡೆ ತಿರುಗಿ ಕೂತ್ಕೊಳ್ಳಿ, ವಾಪಸ್ ಹೋಗ್ತಾ ಇದ್ದೀವಿ." ಮೇಷ್ಟ್ರು ತಿರುಗಿ ಕೂತರು. ವಾಪಸ್ಸಿನ ನೋಟ ಅವರಿಗೆ ಹೆಚ್ಚು ಹಿಡಿಸಿತು. ಇಳಿದ ಮೇಲೆ, ವಾಪಸ್ಸಿನ ದಾರಿ ಸ್ವಲ್ಪ ಬೇಗ ಮುಗಿದ ಹಾಗೆ ಅನ್ನಿಸಿತು ಎಂದರು.

ಹೆಂಡತಿ ಒಮ್ಮೆ ಊಟದ ಡಬ್ಬಿ ತಂದವಳು ದೋಣಿಯಲ್ಲಿ ಕೂತು ನೋಡಿದಳು. "ಸತ್ತ ಹಾಗಿದೆ," ಅಂದಳು. "ಒಂದು ಇಟ್ಟಿಗೆ ತೆಗೀರಿ. ನನ್ನ ಮಷೀನಿನ ಒಂದು ಕಾಲು ಗಿಡ್ಡ, ನೋಡಿಲ್ವಾ ಹೇಗೆ ಕುಣಿಯುತ್ತೆ." ಅವನು ಒಂದು ಇಟ್ಟಿಗೆ ತೆಗೆದ. ದೋಣಿ ತೂಗತೊಡಗಿತು. ಮರುದಿನವೇ ಒಬ್ಬರಿಗೆ ತಲೆ ಸುತ್ತಿ ವಾಂತಿ ಬರುವಂತಾಯಿತು. ಅವನು ಅದನ್ನು ಯಶಸ್ಸು ಎಂದು ತಿಳಿದ. ದೋಣಿಯಲ್ಲಿ ಕೂತವರಿಗೆ ಕೈ ಇಳಿಬಿಟ್ಟು ನೀರು ಮುಟ್ಟುವ ಚಪಲ ಇರುತ್ತದೆ. ಅದಕ್ಕೆ ಒಂದು ಪಕ್ಕಕ್ಕೆ ಬಕೆಟ್ ಕಟ್ಟಿ ನೀರು ತುಂಬಿಸಿಟ್ಟ. ನೀರು ತಂದುಕೊಡುತ್ತಿದ್ದವರು ಮಾವ.

"ಇಡೀ ಕೆರೆ ಖಾಲಿ ಮಾಡಿದವನ ಕೈಲಿ ಬಕೆಟ್ ಹೊರಿಸ್ತೀರಲ್ಲ ಅಳಿಯಂದ್ರೇ," ಎಂದು ಅವರು ದಿನವೂ ಗೊಣಗುತ್ತಿದ್ದರು. ದಿನವೂ ತರುತ್ತಿದ್ದರು.

ಮಗಳು ಇದೆಲ್ಲವನ್ನೂ ಮೂತಿಯಲ್ಲಿ ಕೂತು ನೋಡುತ್ತಿದ್ದಳು. ಅವಳಿಗೆ ದೋಣಿ ಎಂದರೆ ಹತ್ತುವುದು, ತೂಗುವುದು, ತಿರುಗಿ ಕೂರುವುದು, ಇಳಿಯುವುದು. ನಡುವೆ ನಿದ್ದೆ ಬಂದರೆ ಅಪ್ಪನ ಕಾಲಿನ ಮೇಲೆ ತಲೆ ಇಡುವುದು. ಅವನು ಒಂದೇ ಕೈಯಲ್ಲಿ ಹುಟ್ಟು ಹಾಕುತ್ತಿದ್ದ. ಹಾಗೆ ಹಾಕಿದರೆ ದೋಣಿ ಸುತ್ತು ತಿರುಗಬೇಕಿತ್ತು, ಆದರೆ ಪ್ರವಾಸಿಗಳು ಅಷ್ಟು ಗಮನಿಸುತ್ತಿರಲಿಲ್ಲ.

ಮೇಡಂ ಅವರ ಕಚೇರಿಯ ಕಿಟಕಿ ಬಸ್ ನಿಲ್ದಾಣದ ಗೋಡೆಗೆ ತೆರೆಯುತ್ತಿತ್ತು. ಕೆರೆ ಖಾಲಿಯಾದ ಸುದ್ದಿ ಅವರಿಗೆ ತಲುಪಿದ್ದು ಒಬ್ಬ ವಯಸ್ಸಾದ ಹೆಂಗಸು ಕಚೇರಿಗೆ ಬಂದು ಹೊಗಳಿದ್ದರಿಂದ. "ನನಗೆ ನೀರು ಕಂಡ್ರೆ ಮೊದಲಿಂದ ಪ್ರಾಣಭಯ ಕಣಮ್ಮ. ನಿಮ್ಮೂರಲ್ಲಿ ಮೊದಲ ಸಲ ಧೈರ್ಯವಾಗಿ ದೋಣಿ ಹತ್ತಿದೆ," ಎಂದು ಆಕೆ ಕೈ ಹಿಡಿದು ಹೇಳಿದರು. ಮೇಡಂ ತುಂಬ ಸಂತೋಷ ಎಂದರು. ಆಕೆ ಹೋದ ಮೇಲೆ ಸ್ವಲ್ಪ ಹೊತ್ತು ಗೋಡೆ ನೋಡುತ್ತ ಕೂತು, ಆಮೇಲೆ ಎದ್ದು ಕೆರೆಗೆ ಬಂದರು.

ಕಟ್ಟೆಯ ಮೇಲೆ ನಿಂತು ನೋಡಿದರೆ ಕೆಳಗೆ, ಒಣಗಿದ ಮಣ್ಣಿನ ಮೇಲೆ, ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟ ಮೂವರು ಎದ್ದು ತಿರುಗಿ ಕೂರುತ್ತಿದ್ದರು. ಮೇಡಂ ಶಿಸ್ತಿನ ಹೆಂಗಸು. ವಿಹಾರ ಮುಗಿಯುವವರೆಗೆ ಕಾದರು.

"ಏನಿದು?"

"ದೋಣಿವಿಹಾರ, ಮೇಡಂ."

"ನೀರೆಲ್ಲಿ?"

"ಮಾವ ಬಿಟ್ಟಿದ್ದಾರೆ."

"ಯಾರ ಮಾವ?"

ಬಕೆಟ್ ಹಿಡಿದುಕೊಂಡು ಬರುತ್ತಿದ್ದ ಮಾವನನ್ನು ಅವನು ತೋರಿಸಿದ. ಮೇಡಂ ಅವರ ಕಡೆ ತಿರುಗಿದರು. "ನೀವು ತಕ್ಷಣ ಕೆರೆ ತುಂಬಿಸಬೇಕು."

"ತುಂಬಿಸೋಣ ತಾಯಿ. ಮೇಲಿಂದ ಬರಬೇಕಲ್ಲ."

"ಮೇಲೆ ನಾನು ಮಾತಾಡ್ತೀನಿ. ಯಾರ ಹತ್ರ ಮಾತಾಡ್ಬೇಕು ಹೇಳಿ."

ಮಾವ ಬಕೆಟ್ ಕೆಳಗಿಟ್ಟು ಆಕಾಶ ನೋಡಿದರು. ಮೇಡಂ ಅವರೂ ನೋಡಿದರು. ಅಲ್ಲಿ ಮಂಜಿತ್ತು.

"ಪ್ರತಿ ವರ್ಷ ಹೀಗೇನಾ? ನನಗ್ಯಾಕೆ ಒಬ್ಬರೂ ಹೇಳಲಿಲ್ಲ?"

"ನಿಮಗೆ ಗೊತ್ತಿದ್ದೇ ಕೆತ್ತಿಸಿದ್ದೀರಿ ಅಂದ್ಕೊಂಡ್ವಿ ತಾಯಿ," ಮಾವ ಹೇಳಿದರು. "ಓದಿದವರು ಏನೋ ಯೋಚನೆ ಮಾಡಿರ್ತಾರೆ ಅಂತ."

ಮೇಡಂ ಕಟ್ಟೆಯ ಕಲ್ಲಿನ ಮೇಲೆ ಕೂತುಬಿಟ್ಟರು. ಡೈರೆಕ್ಟರ್ ಸಾಹೇಬರು ಮತ್ತೆ ಬರುವವರಿದ್ದರು. ವರ್ಷದ ಎಲ್ಲ ದಿನ ಎಂದು ಕಲ್ಲಿನಲ್ಲಿ ಕೆತ್ತಿಸಿದ ಊರು ಅದೊಂದೇ ಎಂದು ಅವರು ರಾಜಧಾನಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದರಂತೆ. ಈಗಲೇ ಬೋಟ್ ಹೌಸಿಗೆ ಬೀಗ ಹಾಕಿ, ಫಲಕದ ಆ ಸಾಲಿನ ಮೇಲೆ ಸಿಮೆಂಟು ಮೆತ್ತಿಸುವುದೇ ಸರಿ ಎಂದು ಮೇಡಂ ಅಂದರು. ಮೂತಿಯಲ್ಲಿ ಮಗಳು ಬಕೆಟ್ಟಿನ ನೀರಿಗೆ ಕೈ ಹಾಕಿ ಕಲಕುತ್ತಿದ್ದಳು.

"ಮೇಡಂ, ಸಿಮೆಂಟು ಮೆತ್ತಿದ್ರೆ ಸಾಹೇಬರು ಯಾಕೆ ಅಂತ ಕೇಳ್ತಾರೆ," ಅಂದ ಅವನು. "ದೋಣಿ ನಡೀತಾ ಇದ್ರೆ ಕೇಳೋಕೆ ಏನಿರುತ್ತೆ? ದೋಣಿ ಇದೆ, ನಾನಿದ್ದೀನಿ, ಜಾಕೆಟ್ ಇದೆ. ಇಲ್ಲದೇ ಇರೋದು ಒಂದೇ."

ಮೇಡಂ ಎದ್ದು ಸೀರೆಯ ಹಿಂಭಾಗದ ಧೂಳು ಕೊಡವಿದರು. "ನೀರಿಲ್ಲ ಅಂತ ಒಬ್ಬರೇ ಒಬ್ಬರು ದೂರು ಕೊಡಲಿ, ಅವತ್ತಿಗೆ ಇದು ಬಂದ್. ನಿಮ್ಮ ಕೆಲಸವೂ ಅವತ್ತಿಗೇ ಬಂದ್."

ಅವತ್ತಿನಿಂದ ದೋಣಿಯವನು ಪ್ರತಿಯೊಬ್ಬ ಪ್ರವಾಸಿಯ ಮುಖವನ್ನೂ ಬಾಟಲಿ ನೋಡುವ ಹಾಗೆ ನೋಡತೊಡಗಿದ. ತುಂಬಿದೆಯೇ, ಕಡಿಮೆಯಿದೆಯೇ. ದಡದ ಬಗ್ಗೆ ಕಥೆ ಹೇಳಿದ. ಮೀನಿನ ಬಗ್ಗೆ ಹೇಳಲು ಹೋಗಿ ನಿಲ್ಲಿಸಿದ. ದೂರು ಬರಲಿಲ್ಲ. ದುಡ್ಡು ಕೊಟ್ಟು ಬಂದು, ಜಾಕೆಟ್ ತೊಟ್ಟು, ಅರ್ಧ ದಾರಿಯಲ್ಲಿ ತಿರುಗಿ ಕೂತ ಮೇಲೆ ನೀರಿರಲಿಲ್ಲ ಎಂದು ಹೇಳಿಕೊಳ್ಳಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ ಅಂತ ಕಾಣುತ್ತದೆ.

ಒಂದು ದಿನ ಮಾತ್ರ ಎಲ್ಲ ಮುಗಿಯಿತು ಅನ್ನಿಸಿತು. ಹೊಸದಾಗಿ ಮದುವೆಯಾದ ಜೋಡಿಯೊಂದು ಬಂದಿತ್ತು. ಹತ್ತುವಾಗಲೇ ಇಬ್ಬರ ಮುಖವೂ ಊದಿಕೊಂಡಿತ್ತು.

"ನಿಮ್ಮಕ್ಕನಿಗೆ ಫೋನ್ ಮಾಡೋಕೇ ಇಲ್ಲಿಗೆ ಬಂದಿದ್ದಾ?" ಅಂದಳು ಹುಡುಗಿ.

"ಅಕ್ಕ ಒಬ್ಬಳೇ ಇದ್ದಾಳೆ ಅಂತ ಮಾಡಿದೆ."

"ನಾನೂ ಒಬ್ಬಳೇ ಇದ್ದೀನಿ. ನಿಮ್ಮ ಪಕ್ಕದಲ್ಲೇ."

ಹೇಳಿದವಳೇ ಎದ್ದು, ಅಂಚಿಗೆ ಕಾಲು ಹಾಕಿ, ಮಣ್ಣಿನ ಮೇಲೆ ಇಳಿದು ನಡೆದುಬಿಟ್ಟಳು.

"ಮೇಡಂ, ನಡುಕೆರೆಯಲ್ಲಿ ಇಳಿಯೋ ಹಾಗಿಲ್ಲ!" ದೋಣಿಯವನು ಕೂಗಿದ. ಅವಳು ಕೇಳಿಸಿಕೊಳ್ಳಲಿಲ್ಲ. ಬಿರುಕು ಬಿಟ್ಟ ನೆಲದ ಮೇಲೆ ಕಿತ್ತಳೆ ಜಾಕೆಟ್ ಚಿಕ್ಕದಾಗುತ್ತ ಹೋಗಿ ಮಂಜಿನೊಳಗೆ ಸೇರಿತು.

ಗಂಡ ಎದ್ದು ನಿಂತ. "ನಾನೂ ಇಳೀಬಹುದಾ?"

"ದಡ ಬರಲಿ ಸರ್."

"ಎಷ್ಟು ದೂರ ಇದೆ?"

"ಅರ್ಧ ಬಂದಿದ್ದೀವಿ."

ಗಂಡ ಕೂತ. ಕೂತು, ಇದು ಎಂಥ ವ್ಯವಸ್ಥೆ, ನಾನು ದೂರು ಕೊಡುತ್ತೇನೆ ಎಂದು ಕೂಗಾಡಿದ. ಅವನ ಕಿವಿ ಕೆಂಪಾಗಿತ್ತು.

ದೋಣಿಯವನು ಹುಟ್ಟು ನಿಲ್ಲಿಸಲಿಲ್ಲ. "ಕೊಡಿ ಸರ್. ಏನಂತ ಕೊಡ್ತೀರ?"

"ನಡುಕೆರೆಯಲ್ಲಿ ನನ್ನ ಹೆಂಡತಿ ದೋಣಿಯಿಂದಿಳಿದು ನಡ್ಕೊಂಡು..." ಗಂಡ ಅಲ್ಲಿಗೆ ನಿಲ್ಲಿಸಿದ. ಆ ವಾಕ್ಯವನ್ನು ಮನಸ್ಸಿನಲ್ಲೇ ಮುಗಿಸಿ ನೋಡಿದ ಅನ್ನಿಸುತ್ತದೆ. ಆಮೇಲೆ ದೂರಿನ ಮಾತು ಎತ್ತಲಿಲ್ಲ.

ಸ್ವಲ್ಪ ಹೊತ್ತಿಗೆ ಹುಡುಗಿ ಮಂಜಿನಿಂದ ಹೊರಗೆ ಬಂದು ದೋಣಿಯ ಪಕ್ಕ ನಿಂತಳು. ಮೂಗು ಕೆಂಪಾಗಿತ್ತು. "ಅಲ್ಲಿ ಏನೂ ಇಲ್ಲ," ಅಂದಳು.

"ಇಲ್ಲಿಂದ ಹತ್ತೋ ಹಾಗಿಲ್ಲ ಮೇಡಂ. ದಡದಿಂದ ಬನ್ನಿ."

ಅವಳು ಸುತ್ತಿ ಬಂದು, ಕಟ್ಟೆಯ ಮೆಟ್ಟಿಲಿಳಿದು, ದೋಣಿ ಹತ್ತಿ ಗಂಡನ ಪಕ್ಕ ಕೂತಳು. ಗಂಡ ಫೋನನ್ನು ಬಕೆಟ್ಟಿನಲ್ಲಿ ಮುಳುಗಿಸುವವನಂತೆ ಹಿಡಿದು ತೋರಿಸಿದ. ಅವಳಿಗೆ ನಗು ಬಂತು. ಇಬ್ಬರೂ ತಿರುಗಿ ಕೂತರು.

"ಅಪ್ಪ, ಆ ಆಂಟಿ ಇಳಿದ್ಲು," ಮಗಳು ಅವತ್ತು ಮನೆಗೆ ಹೋಗುವಾಗ ಹೇಳಿದಳು.

"ಇಳಿಯೋ ಹಾಗಿಲ್ಲ ಪುಟ್ಟಿ."

"ಇಳಿದ್ಲಲ್ಲ. ನಡ್ಕೊಂಡ್ ಬಂದ್ಲಲ್ಲ."

ಅವನು ಅವಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ.

ಡೈರೆಕ್ಟರ್ ಸಾಹೇಬರು ಬಂದ ದಿನ ಮಂಜು ದಟ್ಟವಾಗಿರಲಿ ಎಂದು ಮೇಡಂ ಅವರೂ ದೋಣಿಯವನೂ ಬೇರೆ ಬೇರೆಯಾಗಿ ಬೇಡಿಕೊಂಡಿದ್ದರು. ಅವತ್ತೇ ಬಿಸಿಲು ಬಂತು. ಕೆರೆಯ ತಳ ಈ ತುದಿಯಿಂದ ಆ ತುದಿಯವರೆಗೆ ಅಂಗೈಯ ಹಾಗೆ ಕಾಣುತ್ತಿತ್ತು. ಒಂದು ನಾಯಿ ಅದರ ಉದ್ದಕ್ಕೂ ಓಡಿಹೋಯಿತು. ಸಾಹೇಬರು ದಪ್ಪಗಿನ, ಮಾತು ಕಡಿಮೆಯ ಮನುಷ್ಯ. ಮಂಡಿನೋವು ಬೇರೆ. ವ್ಯೂ ಪಾಯಿಂಟು ಹತ್ತಿ ಇಳಿದು ಸುಸ್ತಾಗಿದ್ದರು. ಮೆಟ್ಟಿಲಿಳಿದು, ಜಾಕೆಟ್ಟಿನೊಳಗೆ ಕಷ್ಟಪಟ್ಟು ತೂರಿಕೊಂಡು, ದೋಣಿಯಲ್ಲಿ ಕೂತು ಉಸಿರು ಬಿಟ್ಟರು. ಎದುರಿಗೆ ಮೇಡಂ. ಅವರ ತುಟಿ ಬೆಳ್ಳಗಾಗಿತ್ತು.

ದೋಣಿಯವನು ಹುಟ್ಟು ಹಾಕತೊಡಗಿದ. ದೋಣಿ ತೂಗಿತು. ಸಾಹೇಬರು ಮೂತಿಯಲ್ಲಿದ್ದ ಮಗುವನ್ನು ನೋಡಿದರು.

"ಏನಮ್ಮಾ, ನೀರಿಗೆ ಹೆದರಿಕೆ ಇಲ್ವಾ?"

"ನೀರು ಬಕೆಟಲ್ಲಿದೆ," ಅಂದಳು ಮಗಳು.

ಸಾಹೇಬರು ಬಕೆಟ್ ನೋಡಿದರು. ನಿಧಾನವಾಗಿ ಅಂಗಿಯ ತೋಳು ಮಡಿಸಿ, ಕೈ ಇಳಿಬಿಟ್ಟು ಅದ್ದಿದರು. "ತಣ್ಣಗಿದೆ," ಅಂದರು. ಕೈಯನ್ನು ಅಲ್ಲೇ ಬಿಟ್ಟು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು. ಅರ್ಧ ಕೆರೆ ಬಂದಾಗ ಅವರನ್ನು ತಿರುಗಿ ಕೂರಿಸುವುದು ಹೇಗೆಂದು ತಿಳಿಯದೆ ದೋಣಿಯವನು ಅವರೊಬ್ಬರನ್ನು ಹಾಗೇ ಬಿಟ್ಟ. ಮೇಡಂ ಮಾತ್ರ ನಿಯಮದಂತೆ ಎದ್ದು ತಿರುಗಿ ಕೂತರು, ಸಾಹೇಬರಿಗೆ ಬೆನ್ನು ಹಾಕಿ.

ಎಚ್ಚರಾದಾಗ ಸಾಹೇಬರು, "ಬಂತಾ?" ಎಂದು ಕೇಳಿದರು.

"ಬಂತು ಸರ್."

ಕಟ್ಟೆ ಹತ್ತಿ, ಜಾಕೆಟ್ ಬಿಚ್ಚಿ ಕೊಟ್ಟು, ಒಂದು ಸಲ ಹಿಂದಕ್ಕೆ ತಿರುಗಿ ಆ ಅಗಲವಾದ ಒಣ ತಳವನ್ನು ನೋಡಿದರು. "ನೀರು ಸ್ವಲ್ಪ ಕಡಿಮೆ ಇದೆ," ಅಂದರು.

"ಹೌದು ಸರ್," ಅಂದರು ಮೇಡಂ. "ಈ ಸಮಯದಲ್ಲಿ ಸ್ವಲ್ಪ ಕಡಿಮೆ."

ಸಾಹೇಬರು ತಲೆಯಾಡಿಸಿ ಕಾರು ಹತ್ತಿದರು. ಕಾರು ತಿರುವು ದಾಟಿದ ಮೇಲೂ ಮೇಡಂ ಕೈ ಬೀಸುತ್ತಲೇ ಇದ್ದರು. ಆಮೇಲೆ ಅದೇ ಕೈಯನ್ನು ಕೆಳಗಿಳಿಸಿ ದೋಣಿಯವನಿಗೆ, "ಮುಂದಿನ ವರ್ಷವೂ ಹೀಗೇ. ಇನ್ನೊಂದು ಬಕೆಟ್ ತಗೊಳ್ಳಿ," ಅಂದರು.

ಚಹಾ ಅಂಗಡಿಯವನು ಹೊಸ ಮಾತು ಹುಡುಕಬೇಕಾಯಿತು.

ಮಳೆ ಬಂತು. ಮಾವ ಗೇಟು ಇಳಿಸಿದರು. ಗ್ರೀಸು ಹಚ್ಚಿದ್ದರಿಂದ ಅದು ಸದ್ದಿಲ್ಲದೆ ಕೂತಿತು. ತೊರೆಗಳು ಇಳಿದು ಬಂದು ಮೊದಲು ಬಿರುಕುಗಳನ್ನು ತುಂಬಿದವು, ಆಮೇಲೆ ಇಟ್ಟಿಗೆಗಳನ್ನು ಮುಳುಗಿಸಿದವು. ಒಂದು ಬೆಳಿಗ್ಗೆ ದೋಣಿ ತಾನಾಗಿ ಮೇಲೆದ್ದು ಹಗ್ಗ ಜಗ್ಗುತ್ತ ನಿಂತಿತ್ತು. ಕೆರೆ ತುಂಬುತ್ತ ಬಂದ ಮೇಲೆ ಪ್ರವಾಸಿಗಳ ದೊಡ್ಡ ಕುಟುಂಬವೊಂದು ಬಂತು. ತಾತ, ಸೊಸೆ, ಮೊಮ್ಮಕ್ಕಳು. ಹೆಂಡತಿ ಹಳೆಯ ಜಾಕೆಟ್ ಒಂದನ್ನು ಕತ್ತರಿಸಿ ಮಗಳ ಅಳತೆಗೆ ಹೊಲಿದುಕೊಟ್ಟಿದ್ದಳು. ಮಗಳು ಅದನ್ನು ತೊಟ್ಟು ತನ್ನ ಜಾಗಕ್ಕೆ ಹೊರಟಳು.

ದೋಣಿಯವನು ಅವಳನ್ನು ಎತ್ತಿ ಮಾವನ ಕೈಗೆ ಕೊಟ್ಟ. ನೀರಿದ್ದಾಗ ಅಷ್ಟು ಚಿಕ್ಕ ಮಕ್ಕಳನ್ನು ಹತ್ತಿಸುವ ಹಾಗಿರಲಿಲ್ಲ. "ಇಲ್ಲೇ ತಾತನ ಜೊತೆ ಇರು. ಈಗ ಬಂದೆ."

ಹಗ್ಗ ಬಿಚ್ಚಿ ಹುಟ್ಟು ಹಾಕಿದ. ದೋಣಿ ಚಲಿಸಿತು.

ಹುಟ್ಟು ಹಾಕುವವನು ಹೋಗುವ ಕಡೆಗೆ ಬೆನ್ನು ಮಾಡಿ ಕೂರುತ್ತಾನೆ. ಅವನಿಗೆ ಕಾಣುವುದು ಬಿಟ್ಟು ಬಂದ ದಡ. ಅವನು ನೋಡುತ್ತಿದ್ದಂತೆ ಮಗಳ ಬಾಯಿ ತೆರೆಯಿತು. ಮೊದಲು ಸದ್ದು ಬರಲಿಲ್ಲ. ಇಷ್ಟು ದಿನದಲ್ಲಿ ದೋಣಿ ಅವಳಿಗೆ ಇಂಥ ಮೋಸ ಮಾಡಿರಲಿಲ್ಲ.

"ಅಪ್ಪ ಹೋಗ್ತಾ ಇದ್ದಾನೆ!" ಎಂದು ಅವಳು ಕಿರುಚಿದಳು. "ಅಪ್ಪಾ, ಇಳಿ! ಇಳಿದು ನಡ್ಕೊಂಡ್ ಬಾ!"

ಹಿಂದಿನ ವರ್ಷಗಳಲ್ಲಿ ಅವನು ಬ್ಯಾಗು ಹೆಗಲಿಗೇರಿಸಿ ಬಸ್ಸು ಹತ್ತಿದಾಗ ಅವಳು ಅಮ್ಮನ ಸೊಂಟದ ಮೇಲೆ ಕೂತು ಬಸ್ಸಿನ ಚಕ್ರ ನೋಡುತ್ತಿದ್ದಳು.

"ಅಳಿಯಂದ್ರೇ," ಮಾವ ಕಟ್ಟೆಯಿಂದ ಕೂಗಿದರು, "ಮಗು ಕರೀತಿದೆ."

ದೋಣಿಯವನು ಹುಟ್ಟುಗಳನ್ನು ಒಳಗೆಳೆದುಕೊಂಡ. "ಎಲ್ಲರೂ ಕೂತೇ ಇರಿ. ಯಾರೂ ಏಳಬೇಡಿ," ಎಂದು ಪ್ರವಾಸಿಗಳಿಗೆ ಹೇಳಿ, ಅಂಚಿಗೆ ಕಾಲು ಹಾಕಿ ಇಳಿದ. ಆ ಜಾಗದ ನೆಲ ಅವನಿಗೆ ಚೆನ್ನಾಗಿ ಗೊತ್ತಿತ್ತು. ನೀರು ಎದೆಯವರೆಗೆ ಬಂತು. ಹಗ್ಗವನ್ನು ಹೆಗಲಿಗೆ ಹಾಕಿಕೊಂಡು, ದೋಣಿಯನ್ನೂ ಅದರಲ್ಲಿದ್ದ ಕುಟುಂಬವನ್ನೂ ಎಳೆದುಕೊಂಡು, ಅವನು ದಡದ ಕಡೆ ನಡೆದ.

"ಇದೂ ಟಿಕೆಟ್ಟಿನಲ್ಲಿ ಸೇರಿದೆಯೇನಪ್ಪಾ?" ದೋಣಿಯಲ್ಲಿದ್ದ ತಾತ ಕೇಳಿದರು.

"ಸೇರಿದೆ ಸರ್."

"ಚೆನ್ನಾಗಿದೆ," ಎಂದು ಅವರು ಸೊಸೆಗೆ ಹೇಳಿದರು.

ಅಷ್ಟರಲ್ಲಿ ಹೆಂಡತಿ ಊಟದ ಡಬ್ಬಿ ಹಿಡಿದು ಬೋಟ್ ಹೌಸಿನ ತಿರುವಿಗೆ ಬಂದಿದ್ದಳು. ಅಲ್ಲಿಂದ ಕೆರೆ ಕಾಣುವುದಿಲ್ಲ, ಕಟ್ಟೆ ಮಾತ್ರ ಕಾಣುತ್ತದೆ. ಕೂಗು ಕೇಳಿ ಅವಳ ಜೀವ ಬಾಯಿಗೆ ಬಂದಿತ್ತು. "ಏನಾಯ್ತೇ ಪುಟ್ಟಿ? ಯಾರೇ ಅದು?"

ಮಗಳು ಅಳು ನಿಲ್ಲಿಸಿ, ಮೆಟ್ಟಿಲು ಹತ್ತುತ್ತಿದ್ದವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು.

"ಅಪ್ಪ," ಅಂದಳು. "ಪ್ಯಾಂಟು ಒದ್ದೆ."